ಬೈರಪ್ಪನವರಿಗೆ

ರಕ್ತದೊತ್ತಡದ ಯಂತ್ರದ ಪಾದರಸ ಇನ್ನೂರ ಹತ್ತರಲ್ಲೇ ಮಿಡಿಯತೊಡಗಿತು. ತ್ರಿಪುರಸುಂದರಿ ಗಾಳಿ ಬಿಟ್ಟು, ಪಟ್ಟಿ ಬಿಚ್ಚಿ, ಇನ್ನೊಂದು ತೋಳಿಗೆ ಕಟ್ಟಿದಳು. ಅಲ್ಲೂ ಅಷ್ಟೇ. ಕೆಳಗಿನ ಅಂಕಿ ನೂರ ಮೂವತ್ತು.

"ಎರಡೂ ಕೈ ನೋಡ್ತಿದೀರಲ್ಲ ಅಕ್ಕಾವ್ರೆ, ಬಳೆ ತೊಡಿಸ್ತೀರಾ?" ಎಂದು ದೊಡ್ಡಬೈರಪ್ಪ ನಕ್ಕ. ಬೆಳಿಗ್ಗೆಯಿಂದ ತಲೆ ಒಂದಿಷ್ಟು ಸಿಡಿಯುತ್ತಿದೆ, ಅಷ್ಟೇ ಅಂದ.

ಅವಳು ಕಾರ್ಡು ತೆಗೆದಳು. ಚಾಮರಾಜಪೇಟೆಯ ಎಂಟುನೂರು ಜನರನ್ನು ಐದು ವರ್ಷಕ್ಕೊಮ್ಮೆಯಂತೆ ಇಪ್ಪತ್ತು ವರ್ಷ ಪರೀಕ್ಷಿಸಿ, ಹೃದಯದ ಕಾಯಿಲೆ, ಲಕ್ವ ಯಾರಿಗೆ ಬರುತ್ತದೆ, ಏಕೆ ಬರುತ್ತದೆ ಎಂದು ತಿಳಿಯುವ ಸಮೀಕ್ಷೆ ಅದು. ಐದು ವರ್ಷದ ಹಿಂದೆ, ಎಪ್ಪತ್ತನಾಲ್ಕನೇ ಇಸವಿಯಲ್ಲಿ, ಮೊದಲ ಸುತ್ತು ಮಾಡಿದವಳೂ ಅವಳೇ. ಆಗಲೇ ಇವನಿಗೆ ನೂರ ಎಂಬತ್ತು ಇತ್ತು. ಉಪ್ಪು ಕಡಿಮೆ ಮಾಡಿ, ಭಾರ ಹೊರಬೇಡಿ, ಆಸ್ಪತ್ರೆಗೆ ಹೋಗಿ ತೋರಿಸಿ ಎಂದು ಪತ್ರ ಕಳಿಸಿದ್ದ ಗುರುತೂ ಕಾರ್ಡಿನಲ್ಲಿತ್ತು.

ಪತ್ರ ಬರಲಿಲ್ಲವೇ ಎಂದು ಕೇಳಿದಳು. ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಗಂಡನ ಪರವಾಗಿ ಲಕ್ಷ್ಮೀದೇವಮ್ಮನೇ ಉತ್ತರಿಸಿದಳು.

"ಬಂದಿತ್ತಲ್ಲ, ನಮ್ ಮೈದ್ನಂಗೆ. ಅವತ್ತಿಂದ ಅವನ್ಗೆ ಸಪ್ಪೆ ಸಾರೇ ಮಾಡಾಕ್ತಿರೋದು. ಒಂದ್ ಬಿಂದಿಗೆ ನೀರೂ ಎತ್ತಕ್ಕೆ ಬಿಟ್ಟಿಲ್ಲ."

ಜಗಲಿಯಲ್ಲಿ ತಮ್ಮ ಚಿಕ್ಕಬೈರಪ್ಪ ಕೂತು ಮುದ್ದೆ ನುಂಗುತ್ತಿದ್ದ. ಅವನ ಕಾರ್ಡನ್ನು ನೋಡಬೇಕಾಗಿರಲಿಲ್ಲ. ಅರ್ಧ ಗಂಟೆ ಮುಂಚೆ ಅಳೆದಿದ್ದಳು, ನೂರ ಹದಿನೆಂಟು. ಮೊದಲ ಸುತ್ತಿನಲ್ಲೂ ಹೆಚ್ಚುಕಡಿಮೆ ಅಷ್ಟೇ.

ತ್ರಿಪುರಸುಂದರಿಗೆ ಎಲ್ಲ ನೆನಪಾಯಿತು. ಮನೆಪಟ್ಟಿ ಬರೆದ ದಿನ ಲಕ್ಷ್ಮೀದೇವಮ್ಮ ಗಂಡನ ಹೆಸರು ಬಾಯಲ್ಲಿ ಹೇಳಲಾರದೆ, ಸೆರಗು ಬಾಯಿಗಿಟ್ಟುಕೊಂಡು ಪಕ್ಕದ ಮನೆಯವಳ ಕೈಲಿ ಹೇಳಿಸಿದ್ದಳು. ಪಕ್ಕದವಳು "ಬೈರಪ್ಪ" ಎಂದಷ್ಟೇ ಅಂದಳು. ತಮ್ಮನೂ ಬೈರಪ್ಪನೇ ಎಂದು ಗೊತ್ತಾದದ್ದು ಪರೀಕ್ಷೆಯ ಕ್ಯಾಂಪಿನ ದಿನ. ತ್ರಿಪುರಸುಂದರಿ ಕಾರ್ಡಿಗೆ "ದೊಡ್ಡ" ಸೇರಿಸಿದಳು, ಪತ್ರ ಕಳಿಸುವ ಹೆಸರುಗಳ ಪಟ್ಟಿಗೆ ಸೇರಿಸಲು ಮರೆತಳು. ಮಿಕ್ಕದ್ದು ಲಕ್ಷ್ಮೀದೇವಮ್ಮನ ಬಾಯಿಂದ ಬಂತು: "ಬೈರಪ್ಪನವರಿಗೆ" ಎಂದು ಬಂದ ಕಾಗದವನ್ನು ಮನೆಯವರೆಲ್ಲ ಕೂತು ಓದಿಸಿ, ಗೂಳಿಯಂತಿರುವ ಅಣ್ಣನಿಗೆ ಕಾಯಿಲೆ ಎಲ್ಲಿಂದ ಬರಬೇಕು, ಕಡ್ಡಿಯಂತಿರುವ ತಮ್ಮನಿಗೇ ಇರಬೇಕು ಎಂದು ತೀರ್ಮಾನಿಸಿದ್ದರು. ಆಸ್ಪತ್ರೆಯ ಡಾಕ್ಟರು ನೋಡಿ ಚೆನ್ನಾಗಿದೀಯ ಅಂದಾಗ, ಸಪ್ಪೆ ಊಟದ ಗುಣ ಎಂದುಕೊಂಡರು. ಅಂದಿನಿಂದ ತಮ್ಮ ಮಾರ್ಕೆಟ್ಟಿನ ಮೂಲೆಯಲ್ಲಿ ಕೂತು ಗೋಣಿ ಹೊಲಿಯುತ್ತಿದ್ದ. ಅವನ ಪಾಲಿನ ಮೂಟೆಗಳನ್ನೂ ಅಣ್ಣನೇ ಹೊರುತ್ತಿದ್ದ.

ಲಕ್ಷ್ಮೀದೇವಮ್ಮ ಒಳಗೆ ಹೋದಾಗ ತ್ರಿಪುರಸುಂದರಿ, ಆ ಪತ್ರ ನಿಮಗೆ ಬರೆದದ್ದು ಎಂದು ದೊಡ್ಡಬೈರಪ್ಪನಿಗೆ ತಗ್ಗಿದ ದನಿಯಲ್ಲಿ ಹೇಳಿದಳು, ತಪ್ಪು ತನ್ನದು ಅಂದಳು. ಅವನು ಜಗಲಿಯ ಕಡೆ ತಿರುಗಿ ತಮ್ಮನನ್ನು ನೋಡಿದ.

"ಅವನ್ಗೆ ಹೇಳ್ಬ್ಯಾಡಿ. ಹೆಣ್ ಕೊಡಕ್ ಬಂದೋರ್ನೂ ವಾಪಸ್ ಕಳ್ಸವ್ನೆ, ಸಾಯೋನ್ಗೆ ಯಾಕ್ ಮದ್ವೆ ಅಂತ. ಈಗ ಅದೆಲ್ಲ ಸುಳ್ಳು ಅಂದ್ರೆ ತಡ್ಕೊಳಲ್ಲ."

ಈಗಲೇ ಆಸ್ಪತ್ರೆಗೆ ನಡೆಯಿರಿ ಎಂದು ಅವಳು ಬೇಡಿಕೊಂಡಳು. ಕಲಾಸಿಪಾಳ್ಯಕ್ಕೆ ಕೋಸಿನ ಲಾರಿ ಬಂದಿರುತ್ತೆ, ಅದನ್ನ ಇಳಿಸಿ ಬರ್ತೀನಿ ಎಂದು ಅವನು ಎದ್ದು ಗೂಟದ ಮೇಲಿನ ಅಂಗಿಗೆ ಕೈ ಚಾಚಿದ. ಬಲಗೈ ಮೇಲೇಳಲಿಲ್ಲ. ಅವನು ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದ. ಏನೋ ಹೇಳಹೋದ, ಬಾಯಿ ಒಂದು ಪಕ್ಕಕ್ಕೆ ಎಳೆಯಿತು. ಗೋಡೆಗೆ ಒರಗಿಕೊಂಡೇ ಕುಸಿದ.

ತ್ರಿಪುರಸುಂದರಿ ಬೀದಿಗೆ ಓಡಿದಳು. ಆಟೋ ಇಲ್ಲ, ಜಟಕಾ ಇಲ್ಲ. ತಿರುಗಿ ಬರುವಷ್ಟರಲ್ಲಿ ಚಿಕ್ಕಬೈರಪ್ಪ ಎಂಜಲು ಕೈಯಲ್ಲೇ ಅಣ್ಣನ ಮುಂದೆ ಬಗ್ಗಿ, ಅವನ ತೋಳುಗಳನ್ನು ತನ್ನ ಹೆಗಲಿಗೆ ಎಳೆದುಕೊಳ್ಳುತ್ತಿದ್ದ. ಲಕ್ಷ್ಮೀದೇವಮ್ಮ ಮೈದುನನ ರಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ನೀನ್ ಎತ್ಬ್ಯಾಡ ಕಣಪ್ಪ. ನೀನೂ ಹೋಗ್ಬಿಟ್ರೆ ನಾನ್ ಯಾರನ್ ನೋಡ್ಲಿ?"

ಅವನು ನಿಂತುಬಿಟ್ಟ. ಒಂದು ಕೈ ತಾನಾಗಿ ತನ್ನ ಎದೆಯ ಮೇಲೆ ಹೋಯಿತು. ತ್ರಿಪುರಸುಂದರಿಯ ಮುಖ ನೋಡಿದ. ದೊಡ್ಡಬೈರಪ್ಪನೂ ಅವಳನ್ನೇ ನೋಡುತ್ತಿದ್ದ.

"ಎತ್ತಪ್ಪ," ಅಂದಳು. "ನಿನಗೇನೂ ಆಗಲ್ಲ."

"ಡಾಕ್ಟ್ರು ಬರ್ದಿದ್ರಲ್ಲ?"

"ಆ ಪತ್ರ ನಿಮ್ಮಣ್ಣನಿಗೆ ಬರೆದದ್ದು. ನಿನಗೆ ಯಾವತ್ತೂ ಏನೂ ಇರಲಿಲ್ಲ. ಎತ್ತು."

ಲಕ್ಷ್ಮೀದೇವಮ್ಮನ ಕೈ ಸಡಿಲವಾಯಿತು. ಚಿಕ್ಕಬೈರಪ್ಪ ಬಗ್ಗಿ, ಮಂಡಿ ಊರಿ, ಅಣ್ಣನನ್ನು ಹೊತ್ತು ಒಂದೇ ಉಸಿರಿಗೆ ಎದ್ದ.

ವ್ಯಾಪಾರದ ಹೊತ್ತು. ಆಸ್ಪತ್ರೆಗೆ ಹೋಗುವ ಮಾರ್ಕೆಟ್ಟಿನ ಕಡೆಯ ರಸ್ತೆಯಲ್ಲಿ ಜನ ತುಂಬಿದ್ದರು. ಹೊರೆ ಹೊತ್ತವನ ಹೆಜ್ಜೆ ಸದ್ದು ಕೇಳಿ, ಹಿಂದೆ ತಿರುಗಿ ನೋಡದೆಯೇ, ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು.