ತಾಲ್ಲೂಕು: ಕನ್ನಡ

ನಮ್ಮ ಕಂಪನಿಯ ದೊಡ್ಡವರಿಗೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ನಮ್ಮ ಮೇಲೆ ಪ್ರೀತಿ ಉಕ್ಕಿತು. ನಾಲ್ಕು ವರ್ಷ ನಾವು ಮನೆಯಲ್ಲಿ ಕೂತು ದುಡಿಯುವಾಗ ಬಾರದ ನೆನಪು ಒಮ್ಮೆಲೇ ಬಂದು, ನಿಮ್ಮ ನಗುಮುಖಗಳಿಲ್ಲದೆ ಕಚೇರಿ ಬಿಕೋ ಎನ್ನುತ್ತಿದೆ ಎಂದು ಮೇಲ್ ಕಳಿಸಿದರು. ವಾರಕ್ಕೆ ನಾಲ್ಕು ದಿನ ಹತ್ತಿರದ ಕಚೇರಿಗೆ ಬಾರದವರ ಕೆಲಸ ಉಳಿಯುವುದಿಲ್ಲ ಎಂಬುದನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿದ್ದರು. ಪ್ರೇಮಪತ್ರಕ್ಕೆ ಇಂಥ ಅಡಿಟಿಪ್ಪಣಿ ಬರೆಯುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನನ್ನ ಹೆಸರು ಮೃದುಲಾ. ಗಂಡ ಮಧುಕರ ಬ್ಯಾಂಕಿನವರು. ಕಲಬುರಗಿಯಿಂದ ವರ್ಗವಾಗಿ ನಾಸಿಕಕ್ಕೆ ಬಂದು ಆರು ವರ್ಷವಾಯಿತು. ನನ್ನದು ಒಂದು ವಿಮಾ ಕಂಪನಿಯ ಗ್ರಾಹಕ ಸೇವೆ, ಅದರಲ್ಲೂ ಕನ್ನಡ ವಿಭಾಗ. ಸಿಂಧನೂರಿನವರೋ ರಾಣೆಬೆನ್ನೂರಿನವರೋ ಫೋನ್ ಮಾಡಿ ತಮ್ಮ ಅರ್ಜಿ ಎಲ್ಲಿಗೆ ಬಂತೆಂದು ಕೇಳಿದರೆ ಕನ್ನಡದಲ್ಲಿ ಉತ್ತರ ಹೇಳಬೇಕು. ನಮ್ಮ ವಿಭಾಗದಲ್ಲಿ ಮೂವರು. ಒಬ್ಬರು ಹುಬ್ಬಳ್ಳಿಯಲ್ಲಿ, ಇನ್ನೊಬ್ಬರು ಬೀದರಿನಲ್ಲಿ. ಒಬ್ಬರ ಮುಖ ಒಬ್ಬರು ಕಂಡವರಲ್ಲ, ಕಾಣದ್ದರಿಂದ ಯಾವ ನಷ್ಟವೂ ಆಗಿರಲಿಲ್ಲ.

ಆದರೂ ಮೇಲ್ ನೋಡಿ ನಾನೇನೂ ಹೌಹಾರಲಿಲ್ಲ. ಅಂಬಡ್‌ನಲ್ಲಿ ಕಂಪನಿಯ ಶಾಖೆಯಿದೆ, ನಮ್ಮ ಮನೆಯಿಂದ ರಿಕ್ಷಾದಲ್ಲಿ ಹತ್ತು ನಿಮಿಷ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದುಹೋಗಬಹುದು. ನನಗೆ ಬೇಕಾದದ್ದು ಅಷ್ಟೇ.

ಯಾಕೆ ಬೇಕಾಗಿತ್ತೆಂದರೆ, ಮನೆಯಲ್ಲಿ ಅತ್ತೆ ಪಾರ್ವತಿಬಾಯಿ ಮಾತು ಕಲಿಯುತ್ತಿದ್ದರು. ಏಳು ತಿಂಗಳ ಹಿಂದೆ ಅವರಿಗೆ ಪಾರ್ಶ್ವವಾಯು ಬಡಿಯಿತು. ಕೈಕಾಲು ಬೇಗ ಸುಧಾರಿಸಿದವು, ಮಾತು ಹೋಯಿತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಡಾಕ್ಟರ ಹತ್ತಿರ ಹಿಂದಿ ಎಂದು ಮೂರು ಭಾಷೆಯಲ್ಲಿ ಜಗಳಾಡುತ್ತಿದ್ದ ಹೆಂಗಸಿಗೆ ಈಗ ಉಳಿದದ್ದು ಕನ್ನಡದ ನಾಲ್ಕೈದು ಶಬ್ದ. ಮಾತು ಕಲಿಸುವ ಡಾಕ್ಟರು ಪ್ರಾಚಿ ಸ್ಪಷ್ಟವಾಗಿ ಹೇಳಿದ್ದರು: ದಿನಕ್ಕೆ ಮೂರು ಸಲ ಎದುರು ಕೂತು, ತುಟಿ ತೋರಿಸಿ, ಅವರ ಭಾಷೆಯಲ್ಲೇ ಹೇಳಿಸಬೇಕು. ಮೊದಲ ವರ್ಷದಲ್ಲಿ ಬಂದಷ್ಟು ಮಾತು ಆಮೇಲೆ ಬರುವುದು ಕಷ್ಟ. ಹಾಗಾಗಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನಾನು ಅವರ ಕೈ ಹಿಡಿದು ಕೂಡುತ್ತಿದ್ದೆ. ಚಾ. ನೀರು. ರೊಟ್ಟಿ. ಹಗಲು ಅವರನ್ನು ನೋಡಿಕೊಳ್ಳುವ ಶಬಾನಾ ಚಿನ್ನದಂಥವಳು, ಆದರೆ ಅವಳಿಗೆ ಕನ್ನಡ ಬಾರದು. ಗಂಡ ಬ್ಯಾಂಕಿನಿಂದ ಬರುವಷ್ಟರಲ್ಲಿ ಅತ್ತೆ ದಣಿದು ಕಣ್ಣು ಮುಚ್ಚಿರುತ್ತಿದ್ದರು. ಇದ್ದದ್ದು ನಾನೊಬ್ಬಳೇ, ಉಳಿದದ್ದು ಐದು ತಿಂಗಳು.

ಎರಡನೆಯ ಮೇಲ್ ಬಂತು. ನಿಮ್ಮ ಹತ್ತಿರದ ಕಚೇರಿ ಛತ್ರಪತಿ ಸಂಭಾಜಿನಗರ, ಮನೆಯಿಂದ ದೂರ ಅರವತ್ತು ಕಿಲೋಮೀಟರು. ನಾಸಿಕದಿಂದ ಸಂಭಾಜಿನಗರಕ್ಕೆ ಬಸ್ಸಿನಲ್ಲಿ ಕೂತರೆ ನಾಲ್ಕೂವರೆ ತಾಸು. ಅರವತ್ತು ಕಿಲೋಮೀಟರು ಎಲ್ಲಿಂದ ಬಂತೆಂದು ನನ್ನ ಕಡತ ತೆರೆಸಿ ನೋಡಿದೆ. ತಾಲ್ಲೂಕು ಎಂಬಲ್ಲಿ 'ಕನ್ನಡ' ಎಂದಿತ್ತು.

ಸಂಭಾಜಿನಗರ ಜಿಲ್ಲೆಯಲ್ಲಿ ಕನ್ನಡ ಎಂಬ ಹೆಸರಿನ ಊರೇ ಇದೆ. ವೇರೂಳ ದಾಟಿ ಮುಂದೆ, ತಾಲ್ಲೂಕು ಕೇಂದ್ರ. ಮರಾಠಿಯವರು ಆ ಊರನ್ನೂ ನಮ್ಮ ಭಾಷೆಯನ್ನೂ ಒಂದೇ ಥರ ಬರೆಯುತ್ತಾರೆ, ಒಂದೇ ಥರ ಕರೆಯುತ್ತಾರೆ. ಕಂಪನಿ ಎಲ್ಲರ ವಿವರ ತುಂಬಿಸಿಕೊಂಡಿತ್ತು: ಹೆಸರು, ಮಾತೃಭಾಷೆ, ತಾಲ್ಲೂಕು, ಜಿಲ್ಲೆ. ಅದನ್ನು ಕಂಪ್ಯೂಟರಿಗೆ ಏರಿಸುವಾಗ ಯಾರೋ ಪುಣ್ಯಾತ್ಮರು ಒಂದು ಕಾಲಂ ಆಚೆ ಸರಿಸಿಬಿಟ್ಟಿದ್ದರು. ಎಲ್ಲರ ಮಾತೃಭಾಷೆಯೂ ಹೋಗಿ ತಾಲ್ಲೂಕಿನ ಜಾಗದಲ್ಲಿ ಕೂತಿತು. ಮರಾಠಿ ಎಂಬ ತಾಲ್ಲೂಕು ಇಲ್ಲ, ಹಿಂದಿ ಎಂಬ ತಾಲ್ಲೂಕೂ ಇಲ್ಲ. ಹಾಗಾಗಿ ಅವರದೆಲ್ಲ ತಪ್ಪೆಂದು ತಿರಸ್ಕಾರವಾಗಿ ಕೈಯಿಂದ ಸರಿಮಾಡಿದರು. ನಾಸಿಕ ಶಾಖೆಯ ಇಡೀ ಪಟ್ಟಿಯಲ್ಲಿ ಕಂಪ್ಯೂಟರು ಸರಿಯೆಂದು ಒಪ್ಪಿದ ಹೆಸರು ನನ್ನದೊಂದೇ. ಕನ್ನಡ ತಾಲ್ಲೂಕು ಉಂಟಲ್ಲ. ಜಿಲ್ಲೆಯನ್ನು ತಾನೇ ತಿದ್ದಿ ಸಂಭಾಜಿನಗರ ಮಾಡಿತು.

ಗಂಡನಿಗೆ ಹೇಳಿದರೆ ಅವರು ಮೊದಲು ನಕ್ಕರು. "ನಿನಗ ಕಂಪ್ಯೂಟರ್ ಒಂದು ಊರ ಕೊಟ್ಟದ. ನಮ್ಮ ಬ್ಯಾಂಕಿನ್ಯಾಗ ಇಷ್ಟು ವರ್ಷ ಆದ್ರೂ ಒಂದು ಒಳ್ಳೆ ಕುರ್ಚಿ ಕೊಟ್ಟಿಲ್ಲ."

"ನಗಬ್ಯಾಡ್ರಿ. ಅತ್ತಿ ಗತಿ ಏನು?"

ಆಗ ಅವರ ನಗು ನಿಂತಿತು.

ಅತ್ತೆಗೂ ಈ ಗೊಂದಲ ಹೊಸದಲ್ಲ. ನಾಸಿಕಕ್ಕೆ ಬಂದ ಮೊದಲ ವಾರ ಲಿಫ್ಟಿನಲ್ಲಿ, ತರಕಾರಿ ಗಾಡಿಯ ಹತ್ತಿರ, ಗುಡಿಯ ಕಟ್ಟೆಯ ಮೇಲೆ ಸಿಕ್ಕವರಿಗೆಲ್ಲ ಅವರು "ನಾವು ಕನ್ನಡದವರು" ಎಂದು ಹೇಳಿಕೊಂಡು ತಿರುಗಿದ್ದರು. ಕೆಳಗಿನ ಮನೆಯ ಹೆಂಗಸು ಖುಷಿಯಾಗಿ, ನಮ್ಮ ಅತ್ತಿಗೆಯೂ ಕನ್ನಡದವಳೇ, ಬಸ್ ಸ್ಟ್ಯಾಂಡಿನ ಹಿಂದೆಯೇ ಮನೆ, ನಿಮಗೆ ಪರಿಚಯವೇ ಎಂದು ಕೇಳಿದ್ದಳು. ಅತ್ತೆ ಅದನ್ನು ವರ್ಷಗಟ್ಟಲೆ ಹೇಳಿ ನಗುತ್ತಿದ್ದರು, ಆದರೆ ತಮ್ಮ ಮಾತು ಬದಲಿಸಲಿಲ್ಲ.

ನಾನು ತಿದ್ದುಪಡಿಗೆ ಅರ್ಜಿ ಹಾಕಿದೆ. ಕರೆಂಟ್ ಬಿಲ್, ಆಧಾರ್, ಬಾಡಿಗೆ ಕರಾರು ಎಲ್ಲ ಕೊಟ್ಟೆ. ಪರಿಶೀಲನೆ ನಡೆಯುವವರೆಗೆ ಈಗಿನ ಕಚೇರಿಗೇ ಹಾಜರಾಗಿ ಎಂದು ಉತ್ತರ ಬಂತು. ಅಂದರೆ ನಾನು ಕನ್ನಡದಲ್ಲಿ ವಾಸವಾಗಿಲ್ಲ ಎಂದು ಅವರಿಗೆ ಖಾತ್ರಿಯಾಗುವ ತನಕ ಕನ್ನಡದಲ್ಲಿ ವಾಸವಾಗಿರುವವಳ ಹಾಗೆ ನಡೆದುಕೊಳ್ಳಬೇಕು. ಸೋಮವಾರ ನಸುಕಿಗೆ ಬಸ್ಸು ಹತ್ತುವುದು, ಮೂರು ರಾತ್ರಿ ಸಂಭಾಜಿನಗರದ ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ ಕಳೆಯುವುದು, ಗುರುವಾರ ವಾಪಸು ಬರುವುದು ಶುರುವಾಯಿತು.

ಆ ಕಚೇರಿಯ ವೈಭವ ನೋಡಬೇಕು. ಬಾಗಿಲಿಗೆ ಬಲೂನು, ಗೋಡೆಗೆ 'ಮರಳಿ ಗೂಡಿಗೆ' ಎಂಬ ಅರ್ಥದ ಮರಾಠಿ ಬರಹ, ಮೂಲೆಯಲ್ಲಿ ಹಿಟ್ಟಿನ ಮೂಟೆಯಂಥ ಮೆತ್ತನೆ ಕುರ್ಚಿಗಳು. ಒಮ್ಮೆ ಕೂತರೆ ಏಳಲು ಇಬ್ಬರ ಸಹಾಯ ಬೇಕು. ಬಹುಶಃ ತಂಡದ ಒಗ್ಗಟ್ಟು ಎಂದರೆ ಅದೇ ಇರಬೇಕು. ನನ್ನ ತಂಡದವರು ಒಬ್ಬರೂ ಅಲ್ಲಿಲ್ಲ. ಸುತ್ತ ಕೂತವರು ಟ್ರ್ಯಾಕ್ಟರ್ ವಿಮೆ ಮಾರುವವರು, ಅವರ ಗದ್ದಲದಲ್ಲಿ ಸಿಂಧನೂರಿನವರ ದನಿ ನನಗೆ ಕೇಳುತ್ತಿರಲಿಲ್ಲ. "ಎಲ್ಲಿ ಕುಂತು ಮಾತಾಡ್ಲಿಕತ್ತೀರಿ ಅಕ್ಕಾರ, ಸಂತ್ಯಾಗನ?" ಎಂದು ಒಬ್ಬರು ಕೇಳಿಯೂಬಿಟ್ಟರು. ಮನೆಯಲ್ಲಿ ಕೂತು ಮಾಡುತ್ತಿದ್ದ ಕೆಲಸವನ್ನೇ ನೂರೆಂಬತ್ತು ಕಿಲೋಮೀಟರು ಹೋಗಿ ಇನ್ನಷ್ಟು ಕೆಟ್ಟದಾಗಿ ಮಾಡುವುದಕ್ಕೆ ಅವರು ಸಹಯೋಗ ಎಂದು ಹೆಸರಿಟ್ಟಿದ್ದರು.

ಜನ ಸೊರಗುತ್ತಿರುವುದು ಮೇಲಿನವರ ಕಿವಿಗೂ ಬಿತ್ತು ಅನ್ನಿಸುತ್ತದೆ. ಒತ್ತಡ ನಿರ್ವಹಣೆಯ ಶಿಬಿರ ಇಟ್ಟರು, ಗುರುವಾರ ಐದೂವರೆಗೆ, ಸರಿಯಾಗಿ ನನ್ನ ಬಸ್ಸಿನ ಹೊತ್ತಿಗೆ. ಬಿಳಿ ಕುರ್ತಾ ಹಾಕಿದವರೊಬ್ಬರು ನಾಲ್ಕು ಎಣಿಸಿ ಉಸಿರು ಒಳಗೆ, ನಾಲ್ಕು ಎಣಿಸಿ ಹೊರಗೆ ಎಂದರು. ಮನೆಯ ಚಿಂತೆಯನ್ನು ಬಾಗಿಲ ಹೊರಗೆ ಚಪ್ಪಲಿಯ ಹಾಗೆ ಬಿಟ್ಟುಬನ್ನಿ ಎಂದರು. ಆ ಮನುಷ್ಯ ಮುಂಬೈಯಲ್ಲಿ ತನ್ನ ಮನೆಯಲ್ಲಿ ಕೂತು ಪರದೆಯ ಮೇಲೆ ಮಾತಾಡುತ್ತಿದ್ದ. ಹಿಂದೆ ಅವನ ಹೆಂಡತಿ ಒಗೆದ ಬಟ್ಟೆ ಮಡಚುತ್ತಿದ್ದಳು.

ವೀಡಿಯೋ ಕರೆಯಲ್ಲಿ ಅತ್ತೆಗೆ ಪಾಠ ಹೇಳಲು ನೋಡಿದೆ. ಅವರು ಫೋನಿನ ಹಿಂಬದಿ ತಿರುಗಿಸಿ ನೋಡಿ ಮಂಚದ ಮೇಲಿಟ್ಟರು. ಎರಡನೆಯ ವಾರ 'ರೊಟ್ಟಿ' ಹೋಯಿತು. ತಾಟಿನ ಕಡೆ ಬೆರಳು ಮಾಡಿ ಸುಮ್ಮನಿರತೊಡಗಿದರು. ಮೂರನೆಯ ಶುಕ್ರವಾರ ಅವರ ಎದುರು ಕೂತು 'ನೀರು' ಎಂದು ಇಪ್ಪತ್ತು ಸಲ ಹೇಳಿದೆ. ಅವರು ನನ್ನ ತುಟಿ ನೋಡಲಿಲ್ಲ, ಮುಖ ಗೋಡೆಯ ಕಡೆಗಿತ್ತು. ನನಗೆ ಭಯವಾದದ್ದು ಆವತ್ತು.

ನಾಲ್ಕನೆಯ ವಾರ, ಬುಧವಾರ ಮಧ್ಯಾಹ್ನ ಮೂರಕ್ಕೆ ಶಬಾನಾ ಫೋನ್ ಮಾಡಿದಳು. "ದೀದೀ, ಆಜೀ ಬೋಲೀ. ಪೂರಾ ಬೋಲೀ." ಅಜ್ಜಿ ಮಾತಾಡಿದರು, ಪೂರ್ತಿ ಮಾತಾಡಿದರು ಎಂದು.

ಯಾರೋ ಕಂಪನಿಯ ಕಡೆಯಿಂದ ನನ್ನ ವಿಳಾಸ ಪರಿಶೀಲಿಸಲು ಮನೆಯ ಫೋನಿಗೆ ಕರೆ ಮಾಡಿದ್ದರಂತೆ. ಮನೆಯವರ ಜೊತೆಗೇ ಮಾತಾಡಬೇಕು ಎಂದದ್ದಕ್ಕೆ ಶಬಾನಾ ಫೋನನ್ನು ಅತ್ತೆಯ ಮುಂದೆ ಹಿಡಿದಳು. ಆ ಕಡೆಯವನು ಮರಾಠಿಯಲ್ಲಿ "ತುಮ್ಹೀ ಕನ್ನಡಚೇ ಕಾ?" ಎಂದು ಕೇಳಿದ. ನೀವು ಕನ್ನಡದವರೇ ಎಂದು ಕೇಳಿದ ಹಾಗಾಯಿತು. ಅತ್ತೆ ನೆಟ್ಟಗೆ ಕೂತರು, ಸೆರಗು ಸರಿಮಾಡಿಕೊಂಡರು, ಹೇಳಿದರು. ಏನು ಹೇಳಿದರೆಂದು ಶಬಾನಾಳಿಗೆ ತಿಳಿಯದು, ಆದರೆ ಮೂರು ಸಲ ಒಂದೇ ಥರ ಹೇಳಿದರಂತೆ.

"ಕೊಡು ಅವರಿಗೆ," ಎಂದೆ.

ಫೋನಿನಲ್ಲಿ ಉಸಿರು ಕೇಳಿಸಿತು. ಆಮೇಲೆ, ಎಡವದೆ, ಹಳೆಯ ಗತ್ತಿನಲ್ಲಿ: "ನಾವು ಕನ್ನಡದವರು."

ಟ್ರ್ಯಾಕ್ಟರ್ ವಿಮೆಯವರ ನಡುವೆ ಕೂತು ನಾನು ಅತ್ತುಬಿಟ್ಟೆ. ಎಂಟು ತಿಂಗಳ ಮೇಲೆ ಬಂದ ಮೊದಲ ಪೂರ್ತಿ ಮಾತು. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಮೇಲ್ ಬಂತು: ನೀವು ಕನ್ನಡದವರೆಂದು ನಿಮ್ಮ ಮನೆಯವರೇ ದೃಢಪಡಿಸಿದ್ದಾರೆ, ಕರೆ ಧ್ವನಿಮುದ್ರಿತವಾಗಿದೆ, ಅರ್ಜಿ ಮುಕ್ತಾಯಗೊಳಿಸಲಾಗಿದೆ.

ಸಿಬ್ಬಂದಿ ವಿಭಾಗದ ಉತ್ಕರ್ಷ ಅದೇ ಮಹಡಿಯಲ್ಲಿ ಕೂಡುತ್ತಿದ್ದ. ಇಪ್ಪತ್ತೈದರ ಹುಡುಗ, ಮಾತು ಮೆದು. ಕನ್ನಡ ಒಂದು ಭಾಷೆಯೂ ಹೌದೆಂದು, ಅತ್ತೆಗೆ ಪಾರ್ಶ್ವವಾಯು ಆಗಿದೆಯೆಂದು ಅವನಿಗೆ ಬಿಡಿಸಿ ಹೇಳಿದೆ. ಅವನು ಬೇಗ ಅರ್ಥಮಾಡಿಕೊಂಡ, ಅಯ್ಯೋ ಎಂದ, ದಾರಿಯನ್ನೂ ತೋರಿಸಿದ. ಕರಾರು, ಬಿಲ್ಲು ಯಾವುದೂ ಈಗ ನಡೆಯುವುದಿಲ್ಲ, ಧ್ವನಿಮುದ್ರಣವೇ ದೊಡ್ಡದು. ಅದನ್ನು ರದ್ದುಮಾಡಲು ಒಂದೇ ಉಪಾಯವಿದೆ. ಮಾತಾಡಿದ ಹೆಂಗಸಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ, ಆಕೆಯ ಮಾತಿಗೆ ಅರ್ಥವಿಲ್ಲ ಎಂದು ಬರೆದುಕೊಡಬೇಕು. ಡಾಕ್ಟರ ಚೀಟಿಯಂತೂ ಇದೆಯಲ್ಲ, ನಾಳೆಯೇ ಅಂಬಡ್‌ಗೆ ಹಾಕಿಸುತ್ತೇನೆ ಎಂದ. ಒಳ್ಳೆಯದಕ್ಕೇ ಹೇಳಿದ, ಅದರಲ್ಲಿ ಸಂಶಯವಿಲ್ಲ. ಫಾರಂ ಅನ್ನೂ ತಾನೇ ತೆರೆದುಕೊಟ್ಟ.

ನಾನು ಅದರ ಮುಂದೆ ಹತ್ತು ನಿಮಿಷ ಕೂತೆ. ಒಂದು ಸಾಲು ಬರೆದರೆ ಕೆಲಸ ಉಳಿಯುತ್ತದೆ, ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಬಹುದು, ಪಾಠವೂ ನಡೆಯುತ್ತದೆ. ಅತ್ತೆಗೆ ಗೊತ್ತಾಗುವುದೂ ಇಲ್ಲ. ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಆದರೆ ಮೂರು ವಾರ ನನ್ನ ಅತ್ತೆಯ ಬಾಯಿಂದ ಒಂದೊಂದೇ ಶಬ್ದ ಕಿತ್ತುಕೊಂಡವರು ಇವರು. ಈಗ ಬಂದ ಒಂದೇ ಒಂದು ಮಾತಿಗೆ ಅರ್ಥವಿಲ್ಲ ಎಂದು ನನ್ನ ಕೈಯಿಂದಲೇ ಬರೆಸಿಕೊಳ್ಳಬೇಕಾಗಿತ್ತು. ಬುದ್ಧಿ ಸ್ಥಿಮಿತದಲ್ಲಿಲ್ಲದವರು ಯಾರೆಂದು ಬರೆಯಲು ಆ ಫಾರಂನಲ್ಲಿ ಜಾಗ ಸಾಲುತ್ತಿರಲಿಲ್ಲ.

ಕಾರಣ ಎಂಬಲ್ಲಿ ನಾನು ಬರೆದೆ: 'ಅವರು ಹೇಳಿದ್ದು ಸರಿಯಾಗಿದೆ. ಬುದ್ಧಿಯೂ ಸರಿಯಾಗಿದೆ. ನಾವು ಕನ್ನಡದವರು.' ಆಮೇಲೆ ರಾಜೀನಾಮೆಯ ಫಾರಂ ಯಾವುದೆಂದು ಕೇಳಿದೆ.

ಉತ್ಕರ್ಷ ಗಾಬರಿಯಾಗಿ, ನೋಟಿಸಿನ ತಿಂಗಳನ್ನೂ ಇಲ್ಲಿಗೆ ಬಂದೇ ಮುಗಿಸಬೇಕು ಎಂದ. ಉಳಿದ ರಜೆಯೆಲ್ಲ ಬರೆದುಕೊ ಎಂದು ಹೇಳಿ ಲ್ಯಾಪ್‌ಟಾಪು, ಕೊರಳಿಗೆ ಹಾಕುವ ಗುರುತಿನ ಕಾರ್ಡು ಅವನ ಮೇಜಿನ ಮೇಲಿಟ್ಟೆ. ಹೊರಗೆ ಬಂದಾಗ ಒಂದು ಬಲೂನು ಗಾಳಿ ಹೋಗಿ ಬಾಗಿಲಿಗೆ ಅಂಟಿಕೊಂಡಿತ್ತು.

ಮರುದಿನ ಬೆಳಿಗ್ಗೆ ಎಂಟಕ್ಕೆ ಅತ್ತೆಯ ಎದುರು ಕೂತೆ. ಗುರುವಾರ ನಾನು ಮನೆಯಲ್ಲಿರುವುದು ಅವರಿಗೆ ವಿಚಿತ್ರವಾಗಿ ಕಂಡಿತು. ಬಾಗಿಲ ಹತ್ತಿರ ನನ್ನ ಬ್ಯಾಗು ಖಾಲಿಯಾಗಿ ಬಿದ್ದದ್ದನ್ನು ನೋಡಿದರು, ನನ್ನನ್ನು ನೋಡಿದರು.

"ಇನ್ನ ಹೋಗಂಗಿಲ್ರಿ ಅತ್ತಿ," ಎಂದೆ. "ಕೆಲಸ ಬಿಟ್ಟೆ."

ಅವರು ಬಹಳ ಹೊತ್ತು ತುಟಿ ಅಲ್ಲಾಡಿಸಿದರು. ನಾನು ಅವಸರ ಮಾಡಲಿಲ್ಲ. ಕೊನೆಗೆ ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳಿದರು. "ನ... ನನ್ನಿಂದ?"

ಪ್ರಾಚಿ ಡಾಕ್ಟರ ಹಾಳೆಯಲ್ಲಿ ಆ ಶಬ್ದ ಇರಲಿಲ್ಲ, ನಾನೂ ಕಲಿಸಿರಲಿಲ್ಲ. ನಾನು ಅವರ ಕೈ ತೆಗೆದು ನನ್ನ ಕೈಯೊಳಗೆ ಇಟ್ಟುಕೊಂಡೆ.

"ಅಲ್ರಿ," ಎಂದೆ. "ಆ ಆಫೀಸಿನವರಿಗೆ ಕನ್ನಡ ಬರಂಗಿಲ್ಲ."

ಅತ್ತೆ ಅರ್ಧ ಬಾಯಿಂದ ನಕ್ಕರು. ನಾನು 'ನೀರು' ಎಂದೆ, ಅವರು ನನ್ನ ತುಟಿ ನೋಡಿದರು.