ಒಳಕ್ಕೆಳೆದ ಹೌದು

ಮೊನ್ರಾ ಕಾರು ಕಂಪನಿ ಉತ್ತರದ ದೇಶಗಳಿಂದ ಕಾಲ್ತೆಗೆಯುತ್ತಿದೆ ಎಂಬ ಸುದ್ದಿ ಉತ್ತರ ಸ್ವೀಡನ್ನಿನ ಲಿಕ್ಸೆಲೆಯ ಶೋರೂಮಿಗೆ ಬಂದದ್ದು ಚಳಿಗಾಲದ ಟೈರುಗಳನ್ನು ಬಿಚ್ಚುವ ಕಾಲದಲ್ಲಿ. ಅಂಗಳದ ತುಂಬ ಸರದಿಗೆ ಕಾದ ಕಾರುಗಳು, ಹಿಂದಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಹೆನ್ನಿಂಗನ ಕೈಯಲ್ಲಿ ಬಿಡುವಿಲ್ಲದೆ ಗರಗರ ಎನ್ನುವ ಯಂತ್ರ, ನೆಲದ ಮೇಲೆ ಕರಗಿದ ಹಿಮದ ಕೆಸರು. ಕೋಪನ್‌ಹೇಗನ್ ಕಚೇರಿಯವರು ಕರೆದ ಸಭೆಯನ್ನು ಶೋರೂಮಿನ ಯಜಮಾನಿ ಗುನ್‌ವೊರ್ ಕಂಪ್ಯೂಟರಿನ ಮುಂದೆ ಕೂತು ಕೊನೆಯವರೆಗೂ ಕೇಳಿದಳು. ಆಮೇಲೆ ಕನ್ನಡಕ ತೆಗೆದು, "ಸರಿ, ಹೊರಟ್ರು" ಎಂದಳು. ಎದ್ದು ಹೋಗಿ ಎಲ್ಲರಿಗೂ ಕಾಫಿ ಬಗ್ಗಿಸಿದಳು.

ಸಿಸೆಲಾ ಅವಳ ಮುಖವನ್ನೇ ನೋಡುತ್ತಿದ್ದಳು. ನೋಡುವುದು ಅವಳ ಅಭ್ಯಾಸ. ದೇಶದ ದಕ್ಷಿಣದ ತುದಿಯ ಸ್ಕೋನೆಯಿಂದ ಹಿಂದಿನ ಶರತ್ಕಾಲದಲ್ಲಿ ಇಲ್ಲಿಗೆ ಕಾರು ಮಾರಲು ಬಂದಾಗಿನಿಂದ, ಯಾರು ಯಾವಾಗ ಬೇಸರಪಟ್ಟರು, ಯಾರ ದನಿ ಇಳಿಯಿತು ಎಂದು ಗಮನಿಸುತ್ತಲೇ ಇದ್ದಳು. ಬೀಗ ಹಾಕಿದ ಬಾಗಿಲನ್ನು ಮತ್ತೊಮ್ಮೆ ಎಳೆದು ನೋಡುವ ಜಾತಿ. ಗುನ್‌ವೊರಳ ಮುಖದಲ್ಲಿ ಮಾತ್ರ ಏನೂ ಕಾಣಲಿಲ್ಲ.

"ನಿಂಗೆ ಆಶ್ಚರ್ಯ ಆಗ್ಲಿಲ್ವಾ?" ಸಿಸೆಲಾ ಕೇಳಿದಳು. ಯಜಮಾನಿಯನ್ನೂ ನೀನು ಎಂದೇ ಕರೆಯುವ ಊರು ಅದು.

"ಹೊಸ ಕಾರಿನ ಜೊತೆ ಬರೋ ಕೈಪಿಡಿಲಿ ಸ್ವೀಡಿಷ್ ಭಾಷೆ ಮಾಯ ಆಯ್ತಲ್ಲ, ಅವತ್ತೇ ಗೊತ್ತಾಯ್ತು" ಎಂದಳು ಗುನ್‌ವೊರ್. "ಇರೋ ಯೋಚನೆ ಇದ್ದೋರು ಭಾಷೆ ಬಿಡಲ್ಲ."

ಹೆನ್ನಿಂಗ್ ಕೈ ಒರೆಸಿಕೊಳ್ಳುತ್ತ ಬಂದು ನಿಂತಿದ್ದ. "ಅದಕ್ಕೇನಾ ನೀನು ಹಿಂದಿನ ಹುಲ್ಲಿನ ಕೊಟ್ಟಿಗೆ ತುಂಬ ಬಿಡಿಭಾಗ ತುಂಬಿಸಿದ್ದು? ನಾನು ನಿಂಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ."

"ಅಂದ್ಕೊಂಡಿದ್ದಲ್ಲ, ನನ್ನೆದುರೇ ಹೇಳಿದ್ದೆ."

ಅದು ನಿಜ. ಬೇರೆ ಊರಿನ ವ್ಯಾಪಾರಿಗಳೆಲ್ಲ ಮೆಲ್ಲಗೆ ಖರ್ಚಾಗುವ ಭಾಗಗಳನ್ನು ಕಂಪನಿಗೆ ಹಿಂದಿರುಗಿಸುತ್ತಿದ್ದಾಗ ಗುನ್‌ವೊರ್ ಕೊಳ್ಳುತ್ತಲೇ ಹೋಗಿದ್ದಳು. ಕ್ಲಚ್ಚು, ಕನ್ನಡಿ, ಜಾರುಬಾಗಿಲಿನ ಹಳಿ, ಹೀಟರಿನ ಮೋಟಾರು. ಆ ಕೊಟ್ಟಿಗೆಗೆ ಒಮ್ಮೆ ಹೋಗಿದ್ದ ಸಿಸೆಲಾಗೆ ಚಳಿಗಾಲಕ್ಕೆ ಸೌದೆ ಒಟ್ಟಿಟ್ಟ ಮನೆಯನ್ನು ಕಂಡಂತಾಗಿತ್ತು.

ಕಂಪನಿಯನ್ನು ಗುನ್‌ವೊರ್ ಬೈಯಲಿಲ್ಲ. ಬ್ಯಾಟರಿ ಕಾರಿಗೆ ಸುರಿಯಲು ಹಣ ಸಾಲದು, ಇಲ್ಲಿ ಜನ ಕಡಿಮೆ, ದಾರಿ ಉದ್ದ, ಹೊಗೆಯ ಕಾನೂನು ಬಿಗಿ. ಎಲ್ಲ ಕಡೆ ಅರ್ಧಂಬರ್ಧ ನಿಲ್ಲುವ ಬದಲು ನಾಲ್ಕು ಕಡೆ ಗಟ್ಟಿಯಾಗಿ ನಿಲ್ಲೋಣ ಎಂಬುದು ಅವರ ಲೆಕ್ಕ. "ತಪ್ಪೇನಿಲ್ಲ" ಎಂದಳು. "ಅವರ ಜಾಗದಲ್ಲಿದ್ರೆ ನಾನೂ ಇದನ್ನೇ ಮಾಡ್ತಿದ್ದೆ. ಆದ್ರೆ ನಾನಿರೋದು ಇಲ್ಲಿ."

ಶೋರೂಮಿನಲ್ಲಿ ಆಗ ಉಳಿದಿದ್ದದ್ದು ಒಂದೇ ಹೊಸ ಕಾರು. ಚೌಕಾಕಾರದ, ಎತ್ತರದ ಮಾಡಿನ, ಊರವರು 'ಬ್ರೆಡ್ ಡಬ್ಬಿ' ಎಂದು ಕರೆಯುತ್ತಿದ್ದ ಬಂಡಿ. ನೋಡಲು ಚೆಂದವಿಲ್ಲ. ಆದರೆ ನೆಲ ತಗ್ಗು, ಪಕ್ಕದ ಜಾರುಬಾಗಿಲು ವಿಶಾಲ. ಅಂಥದ್ದನ್ನು ಬೇರೆ ಯಾವ ಕಂಪನಿಯೂ ಮಾಡುತ್ತಿರಲಿಲ್ಲ.

ಅದನ್ನು ಬಯಸಿದ್ದವನು ಆಲ್ಗೋತ್, ನದಿಯಾಚೆಯ ಹಳ್ಳಿಯ ನಿವೃತ್ತ ಅಂಚೆಯವನು. ಪಾರ್ಶ್ವವಾಯು ಬಡಿದ ಮೇಲೆ ಅವನ ಹೆಂಡತಿ ವೆಂಡೆಲಾ ಗಾಲಿಕುರ್ಚಿ ಹಿಡಿದಿದ್ದಳು. ಎಲ್ಲಿಗೆ ಹೋಗಬೇಕಾದರೂ ಪುರಸಭೆಯ ಟ್ಯಾಕ್ಸಿಗೆ ಮುಂಚೆಯೇ ಹೇಳಿ ಕಾಯಬೇಕು. ಹಿಮ ಇನ್ನೂ ಗಟ್ಟಿಯಿದ್ದಾಗ ಇಬ್ಬರೂ ಬಂದು ಬ್ರೆಡ್ ಡಬ್ಬಿಯನ್ನು ಪರೀಕ್ಷಿಸಿದ್ದರು. ಕುರ್ಚಿ ಸಲೀಸಾಗಿ ಒಳಗೆ ಹೋದಾಗ ವೆಂಡೆಲಾ ಕಿಟಕಿಯಾಚೆ ನೋಡುತ್ತ, "ತಲೆ ತಗ್ಗಿಸ್ದೇನೇ ಬಂದೆ ನೋಡು" ಎಂದಿದ್ದಳು. ಆ ಮಾತು ಸಿಸೆಲಾಳ ಕಿವಿಯಲ್ಲಿ ಉಳಿದಿತ್ತು. ಮನೆಯಲ್ಲಿ ಯೋಚಿಸಿ ಹೇಳುತ್ತೇನೆಂದು ಆಲ್ಗೋತ್ ಹೋಗಿದ್ದ.

ಸುದ್ದಿ ಬಂದ ಮಾರನೆಯ ದಿನ ಸಿಸೆಲಾ ಅವನಿಗೆ ಫೋನು ಮಾಡಿದಳು.

"ಆಲ್ಗೋತ್, ಇದೇ ಕೊನೇದು. ಇನ್ನು ಬರಲ್ಲ. ನಿಂಗೆ ಅಂತ ತೆಗೆದಿಡ್ಲಾ?"

ಆ ಕಡೆಯಿಂದ ಸಣ್ಣಗೆ ಉಸಿರೆಳೆದ ಸದ್ದು ಬಂತು. ಬೆಲೆ ನೆನೆದು ಬೆಚ್ಚಿರಬೇಕು ಎಂದುಕೊಂಡಳು. "ಒತ್ತಾಯ ಇಲ್ಲ" ಎಂದಳು ಮೃದುವಾಗಿ.

"ನದಿ ಮೇಲಿನ ಮಂಜುಗಡ್ಡೆ ಬಿರೀತಾ ಇದೆ" ಎಂದ ಆಲ್ಗೋತ್. "ಶನಿವಾರ ಆ ಕಡೆ ಬರ್ತೀವಿ."

ಪಾಪ, ಮಾತು ಮರೆಸುತ್ತಿದ್ದಾನೆ ಎಂದು ಸಿಸೆಲಾಗೆ ನೋವಾಯಿತು. ಮತ್ತೆ ಕೇಳಿ ಅವನನ್ನು ಮುಜುಗರಕ್ಕೆ ಸಿಕ್ಕಿಸುವುದು ಬೇಡವೆಂದು ಫೋನಿಟ್ಟಳು. ಶುಕ್ರವಾರ ಸುಂಡ್ಸ್‌ವಾಲಿನಿಂದ ಬಂದ ಒಬ್ಬ, ನಾಯಿಗಳನ್ನು ಸಾಕುವವನು, ಬ್ರೆಡ್ ಡಬ್ಬಿಯನ್ನು ಒಂದು ಸುತ್ತು ಹಾಕಿ ನೋಡಿ, ಸಹಿ ಹಾಕಿ ಹೋದ. ಕೊನೆಯ ಕಾರನ್ನೂ ಮಾರಿದೆನೆಂದು ಸಿಸೆಲಾ ಅವತ್ತು ಹಗುರಾಗಿ ಮನೆಗೆ ನಡೆದಳು.

ಶನಿವಾರ ಪುರಸಭೆಯ ಟ್ಯಾಕ್ಸಿ ಬಾಗಿಲಿಗೆ ಬಂದು ನಿಂತಿತು. ಆಲ್ಗೋತ್ ಚರ್ಚಿಗೆ ಹೋಗುವಾಗಿನ ಕೋಟು ತೊಟ್ಟಿದ್ದ. ವೆಂಡೆಲಾಳ ಮಡಿಲಲ್ಲಿ ಬಟ್ಟೆಯಲ್ಲಿ ಸುತ್ತಿದ ಚೀಸಿನ ಗಡ್ಡೆ, ಕಾಫಿಯೊಳಗೆ ಮುಳುಗಿಸಿ ತಿನ್ನುವಂಥದ್ದು, ಮನೆಯಲ್ಲೇ ಮಾಡಿದ್ದು. ಟ್ಯಾಕ್ಸಿ ತಿರುಗಿ ಹೊರಟುಹೋಯಿತು.

"ವಾಪಸ್ ಕಳಿಸ್ಬಿಟ್ಟೆ" ಎಂದ ಆಲ್ಗೋತ್, ಕೈ ಉಜ್ಜಿಕೊಳ್ಳುತ್ತ. "ಮನೆಗೆ ನಮ್ದ್ರಲ್ಲೇ ಹೋಗ್ತೀವಲ್ಲ."

ಸಿಸೆಲಾ ತಿರುಗಿ ನೋಡಿದಳು. ಗಾಜಿನಾಚೆ ಹೆನ್ನಿಂಗ್ ಸುಂಡ್ಸ್‌ವಾಲಿನವನಿಗಾಗಿ ಬ್ರೆಡ್ ಡಬ್ಬಿಯನ್ನು ತೊಳೆಯುತ್ತಿದ್ದ. "ಆದ್ರೆ... ನೀನು ಏನೂ ಹೇಳ್ಲಿಲ್ವಲ್ಲ, ಆಲ್ಗೋತ್."

"ಹೇಳಿದೆ."

"ಏನು ಹೇಳ್ದೆ?"

ಆಲ್ಗೋತ್ ಹುಬ್ಬು ಮೇಲೆತ್ತಿ, ತುಟಿಗಳನ್ನು ಕೊಂಚ ಚೂಪು ಮಾಡಿ, ಬಿಸಿ ಕಾಫಿ ಹೀರುವವನಂತೆ ಗಾಳಿಯನ್ನು ಒಳಕ್ಕೆಳೆದುಕೊಂಡ. ಶ್ಯುಪ್.

ಉತ್ತರದ ಕಡೆಯವರ ಹೌದು ಅದು. ಸಿಸೆಲಾಗೆ ಗೊತ್ತಿಲ್ಲದ್ದೇನಲ್ಲ. ಬಂದ ಹೊಸತರಲ್ಲಿ ಹೆನ್ನಿಂಗ್ ಅದನ್ನು ಮಾಡಿ ತೋರಿಸಿ ಅವಳನ್ನು ಗೋಳು ಹೊಯ್ದುಕೊಂಡಿದ್ದ. ಎದುರಿಗಿದ್ದವರ ಹುಬ್ಬು ನೋಡಿ ಅದನ್ನು ತಿಳಿಯುವುದು ಅವಳಿಗೆ ರೂಢಿಯಾಗಿತ್ತು. ಫೋನಿಗೆ ಹುಬ್ಬಿಲ್ಲ. ಇಷ್ಟೆಲ್ಲ ಗಮನಿಸುವ ತಾನು ಒಂದು ಹೌದನ್ನೇ ಕೇಳಿಸಿಕೊಳ್ಳಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ನಡೆದದ್ದನ್ನು ಹೇಳಿದಳು. ಮುಚ್ಚಿಡಲು ಏನೂ ಇರಲಿಲ್ಲ.

ಆಲ್ಗೋತ್ ಕೋಟಿನ ಗುಂಡಿಯನ್ನು ಬಿಚ್ಚಿ ಮತ್ತೆ ಹಾಕಿದ. ಮೊದಲು ಮಾತಾಡಿದವಳು ವೆಂಡೆಲಾ.

"ನಾನು ಪಕ್ಕದಲ್ಲೇ ಇದ್ದೆ. ಹೌದು ಅಂದಿದ್ದ. ಆದ್ರೆ ಈ ಹುಡುಗೀನ ಬೈಬೇಡ. ನಮ್ಮ ಮದ್ವೇಲೂ ಹಿಂಗೇ ಅಂದಿದ್ದು. ಪಾದ್ರಿ ದಕ್ಷಿಣದೋನು, ಎರಡು ಸಲ ಕೇಳ್ಬೇಕಾಯ್ತು. ನಮ್ಮಪ್ಪ ಆಗ್ಲೇ ಟೋಪಿ ಹುಡುಕ್ತಾ ಇದ್ದ, ಎದ್ದು ಹೋಗೋಕೆ."

ಯಾರಿಗೂ ನಗಬಾರದೆನಿಸಿತ್ತು, ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ವೆಂಡೆಲಾ ಗಾಜಿನಾಚೆಯ ಕಾರಿನತ್ತ ತಿರುಗಿದಳು. ಕಣ್ಣು ಅಲ್ಲೇ ನಿಂತಿತು.

ಸದ್ದು ಕೇಳಿ ಗುನ್‌ವೊರ್ ಹೊರಗೆ ಬಂದಿದ್ದಳು. ಬೈಗುಳಕ್ಕೆ ಸಿಸೆಲಾ ಸಿದ್ಧಳಾದಳು. ಗುನ್‌ವೊರ್ ಕೇಳಿದ್ದು ಒಂದೇ ಮಾತು: "ಫೋನಲ್ಲಿ ಆ ಸದ್ದು ಬಂತಾ?"

"ಬಂತು. ನಾನು ಬೇರೆ ಏನೋ ಅಂದ್ಕೊಂಡೆ."

"ಹಾಗಾದ್ರೆ ನಮ್ಮ ಅಂಗಡಿ ಮಾತು ಕೊಟ್ಟ ಹಾಗಾಯ್ತು."

"ಆ ಸುಂಡ್ಸ್‌ವಾಲಿನೋನಿಗೆ ಇಲ್ಲ ಅಂದ್ಬಿಡು" ಎಂದ ಒಳಗೆ ಬಂದ ಹೆನ್ನಿಂಗ್. "ನಾಯಿಗಳಿಗೇನು, ತಲೆ ತಗ್ಗಿಸ್ಕೊಂಡೇ ಹತ್ತುತ್ವೆ."

"ಆಗಲ್ಲ. ಅವನೂ ಸಹಿ ಹಾಕಿದಾನೆ. ನಮ್ಮ ಕಿವಿ ಸರಿಯಿಲ್ಲ ಅಂತ ಅವನಿಗ್ಯಾಕೆ ಶಿಕ್ಷೆ?"

ಒಂದು ಕಾರು, ಇಬ್ಬರಿಗೆ ಮಾತು. ಗಂಡಹೆಂಡತಿಯನ್ನು ಕಾಫಿಗೆ ಕೂರಿಸಿ, ಚೀಸನ್ನು ಹೋಳು ಮಾಡಿ ಬಟ್ಟಲುಗಳಿಗೆ ಹಾಕಿ, ಗುನ್‌ವೊರ್ ಫೋನು ಕೈಗೆತ್ತಿಕೊಂಡಳು.

"ಯಾರಿಗೆ?" ಸಿಸೆಲಾ ಕೇಳಿದಳು.

"ಸಿವೆರ್ಟ್‌ಗೆ."

ಸಿವೆರ್ಟ್ ಕೋಪನ್‌ಹೇಗನ್ ಕಚೇರಿಯಲ್ಲಿ ಉತ್ತರದ ದೇಶಗಳ ಮುಖ್ಯಸ್ಥ. ಸಭೆಯಲ್ಲಿ ವಿದಾಯ ಹೇಳಿದ್ದವನು ಅವನೇ. ಮಾರಾಟವಾಗದ ಕಾರುಗಳನ್ನೆಲ್ಲ ಸೋದರ್‌ತೇಲ್ಯ ಬಂದರಿನಲ್ಲಿ ಕೂಡಿಹಾಕಿ ಹೊರಗೆ ಸಾಗಿಸುವ ಹಡಗಿಗೆ ಕಾಯುತ್ತಿದ್ದರು. ಅವುಗಳಲ್ಲಿ ಬ್ರೆಡ್ ಡಬ್ಬಿಗಳೂ ಇದ್ದವು. ಆದರೆ ಇನ್ನು ಒಂದು ಕಾರನ್ನೂ ಇಲ್ಲಿ ಮಾರಬಾರದೆಂದು ಕಂಪನಿ ತೀರ್ಮಾನಿಸಿತ್ತು. ಮಾರಿದರೆ ವರ್ಷಗಟ್ಟಲೆ ಅದರ ವಾರಂಟಿಗೆ ತಾನೇ ಹೊಣೆ.

"ಇವತ್ತು ಶನಿವಾರ. ಅವನು ರಜೇಲಿ ಇರ್ತಾನಲ್ಲ?" ಎಂದಳು ಸಿಸೆಲಾ.

"ಅದಕ್ಕೇ ಇವತ್ತೇ ಮಾಡೋದು. ವಾರದ ದಿನ ಅವನು ಕೋಪನ್‌ಹೇಗನ್ನಿನೋನು. ಶನಿವಾರ ಊರಿನ ಗುಡಿಸಲಲ್ಲಿ ಸೌದೆ ಒಡೀತಿರೋ ಉತ್ತರ ನಾರ್ವೆಯ ಲೊಫೊಟೆನ್ ಹುಡುಗ, ನಮ್ಮ ಹಾಗೇ ಉಸಿರಲ್ಲೇ ಹೌದು ಅನ್ನೋನು." ಗುನ್‌ವೊರ್ ಫೋನನ್ನು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. "ನೀನು ಹತ್ರ ಕೂತ್ಕೊ. ಮಾತಾಡುವಾಗ ನಂಗೆ ನನ್ನ ದನಿನೇ ಕೇಳೋದು."

ಸಿವೆರ್ಟ್ ಏದುಸಿರು ಬಿಡುತ್ತ ಫೋನೆತ್ತಿದ. ಹಿಂದೆ ಕಡಲಹಕ್ಕಿಗಳ ಗಲಾಟೆ. ಗುನ್‌ವೊರ್ ವ್ಯಾಪಾರದ ಸುದ್ದಿಯನ್ನೇ ಎತ್ತಲಿಲ್ಲ. ಕಾಡ್ ಮೀನು ಸಿಕ್ಕಿತಾ? ಅಮ್ಮ ಹೇಗಿದಾಳೆ? ಮಾಡಿನ ಮೇಲಿನ ಹಿಮ ಇಳೀತಾ? ಒಂದೊಂದು ಉತ್ತರಕ್ಕೂ ಅವನ ದನಿ ಕಚೇರಿಯಿಂದ ದೂರ ಹೋಗಿ ಮನೆಯ ಕಡೆ ಸರಿಯುತ್ತಿರುವುದು ಸಿಸೆಲಾಗೆ ಗೊತ್ತಾಯಿತು. ಆಮೇಲೆ ಗುನ್‌ವೊರ್ ಆಲ್ಗೋತ್ ಮತ್ತು ವೆಂಡೆಲಾಳ ಕತೆ ಹೇಳಿದಳು, ಟ್ಯಾಕ್ಸಿ ವಾಪಸು ಕಳಿಸಿದ್ದನ್ನೂ ಬಿಡದೆ.

"ಬಂದರಲ್ಲಿ ಬ್ರೆಡ್ ಡಬ್ಬಿಗಳು ಸುಮ್ನೆ ನಿಂತಿವೆ ಅಲ್ವಾ, ಸಿವೆರ್ಟ್?"

ಶ್ಯುಪ್, ಎಂದಿತು ಫೋನು.

"ನೀನು ಹೇಳಿದ್ರೆ ಒಂದನ್ನ ಆಚೆ ಬಿಡ್ತಾರೆ?"

ಶ್ಯುಪ್.

"ವಾರಂಟಿ ನಾನು ನೋಡ್ಕೋತೀನಿ, ನನ್ನ ಹೆಸರಲ್ಲಿ ಬರ್ದು ಕೊಡ್ತೀನಿ. ಕೊಟ್ಟಿಗೆ ತುಂಬ ಸಾಮಾನಿದೆ. ಹಾಗಾದ್ರೆ ನಂಗೊಂದು ಕಳಿಸ್ತೀಯ."

ಅದೇ ಹೊತ್ತಿಗೆ ಯಾರೋ ಗ್ರಾಹಕ ಅಂಗಳದಲ್ಲಿ ಹಾರನ್ ಒತ್ತಿದ. ಗುನ್‌ವೊರ್ ತಲೆಯೆತ್ತಿ ಸಿಸೆಲಾಳತ್ತ ನೋಡಿದಳು. ವೆಂಡೆಲಾಳ ಚಮಚ ಬಟ್ಟಲಿನಲ್ಲಿ ನಿಂತುಬಿಟ್ಟಿತ್ತು. ಸಿಸೆಲಾ ಮೇಜಿನ ಮೇಲೆ ಬಾಗಿ ಕಿವಿಯನ್ನು ಫೋನಿಗೆ ತಾಗಿಸಿದಂತೆಯೇ ಕೂತಿದ್ದಳು. ಹಾರನ್ನಿನ ಅಡಿಯಲ್ಲಿ, ಕಡಲಹಕ್ಕಿಗಳ ಅಡಿಯಲ್ಲಿ, ಎಳೆಯಷ್ಟು ತೆಳ್ಳಗೆ ಅದು ಬಂದಿತ್ತು.

"ಹೌದು ಅಂದ" ಎಂದಳು.

"ನಾನೆಲ್ಲಿ ಅಂದೆ?" ಸಿವೆರ್ಟ್ ಗಾಬರಿಯಾದ. ದನಿ ಕೋಪನ್‌ಹೇಗನ್ನಿಗೆ ಹಿಂದಿರುಗುವುದರಲ್ಲಿತ್ತು. "ನೋಡು, ಇದಕ್ಕೆ ಮೇಲಿನೋರ ಒಪ್ಪಿಗೆ—"

"ಅಂದೆ, ಸಿವೆರ್ಟ್" ಎಂದಳು ಸಿಸೆಲಾ. "ನಾನು ಸ್ಕೋನೆಯೋಳು. ಬಾಯಲ್ಲಿ ಗಂಜಿ ಇಟ್ಕೊಂಡು ಮಾತಾಡ್ತೀನಿ ಅಂತ ಇಲ್ಲಿ ಎಲ್ರೂ ನಗ್ತಾರೆ. ನನಗೇ ಕೇಳಿಸ್ತು ಅಂದ್ರೆ ನೀನು ಅಂದಿರ್ಲೇಬೇಕು. ಮೊನ್ನೆ ಇಂಥದ್ದೇ ಹೌದು ಒಂದನ್ನ ಕೇಳಿಸ್ಕೊಳ್ದೆ ಈ ಗತಿ ಬಂದಿದೆ. ಇದನ್ನ ಬಿಡಲ್ಲ."

ಆಚೆ ಕಡೆ ಹಕ್ಕಿಗಳು ಕೂಗಿದವು. ಸಿವೆರ್ಟ್ ನಕ್ಕ, ಒಲ್ಲದ ಮನಸ್ಸಿನ ನಗು. "ನಮ್ಮಮ್ಮ ಇಲ್ಲೇ ಜಗಲಿ ಮೇಲೆ ಕೂತಿದಾಳೆ. ಅಂದಿದೀಯ ಅಂತಿದಾಳೆ." ಆಮೇಲೆ ಸೇರಿಸಿದ: "ಗುನ್‌ವೊರ್, ಇಡೀ ದೇಶದಲ್ಲಿ ನೀನೊಬ್ಬಳೇ ಇಷ್ಟು ಕಾಟ ಕೊಡ್ತಿರೋದು. ಉಳಿದೋರೆಲ್ಲ ಅಂಗಡಿ ಮುಚ್ಚಿ ಬೇರೆ ಕಂಪನಿ ಹಿಡಿದ್ರು."

"ಅವರ ಗಿರಾಕಿಗಳು ಎಲ್ಲಿಗೆ ಹೋಗ್ಬೇಕಂತೆ?"

ಕಾರು ಕಳಿಸುತ್ತೇನೆಂದು ಸಿವೆರ್ಟ್ ಹೇಳಿದ, ಈ ಸಲ ಬಾಯಿ ಬಿಟ್ಟು.

ಫೋನು ಇಟ್ಟ ಮೇಲೆ ಗುನ್‌ವೊರ್ ಏನೂ ಆಗಿಲ್ಲವೆಂಬಂತೆ ಇನ್ನೊಂದು ಹೋಳು ಚೀಸನ್ನು ತನ್ನ ಬಟ್ಟಲಿಗೆ ಹಾಕಿಕೊಂಡಳು. ಸಿಸೆಲಾ ಅವಳನ್ನೇ ನೋಡಿದಳು. ಹೋಗುವವರನ್ನು ಬೈಯದೆ, ಬಂದವರಿಗೆ ಮೋಸ ಮಾಡದೆ, ತಪ್ಪಿದವಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಕೆಲಸ ಮುಗಿಸಿದ್ದಳು. ವ್ಯಾಪಾರ ಕಲಿಯಲು ತಾನು ಓದಿದ ಕಾಲೇಜಿನಲ್ಲಿ ಇದಕ್ಕೆ ಯಾವ ಹೆಸರಿಟ್ಟಿದ್ದರು ಎಂದು ನೆನಪು ಮಾಡಿಕೊಳ್ಳಲು ನೋಡಿದಳು. ಹೆಸರು ಸಿಗಲಿಲ್ಲ. ಅಂದು ಆ ದಂಪತಿಗಳು ಮನೆಗೆ ಹೋಗಲು ಪುರಸಭೆಯ ಟ್ಯಾಕ್ಸಿಗೇ ಮತ್ತೆ ಕಾಯಬೇಕಾಯಿತು. ಆಲ್ಗೋತ್ ಕಾದ ಹೊತ್ತೆಲ್ಲ ಹೆನ್ನಿಂಗನ ಜೊತೆ ಟೈರುಗಳ ಬಗ್ಗೆ ವಾದ ಮಾಡಿದ.

ಬಂದರಿನಿಂದ ಲಾರಿ ಬಂದಾಗ ಅಂಗಳದ ಹಿಮ ಪೂರ್ತಿ ಕರಗಿ ಜಲ್ಲಿ ಕಾಣುತ್ತಿತ್ತು. ಬ್ರೆಡ್ ಡಬ್ಬಿ ಕೆಂಪು ಬಣ್ಣದ್ದು. ಆಲ್ಗೋತ್‌ಗೆ ಬೂದು ಬೇಕಿತ್ತು, ಹೇಳಲಿಲ್ಲ. ವೆಂಡೆಲಾಗೆ ಕೆಂಪೇ ಇಷ್ಟವಾಯಿತು, ಅದನ್ನು ಇಬ್ಬರ ಪರವಾಗಿಯೂ ಹೇಳಿದಳು. ಹೆನ್ನಿಂಗ್ ಹಲಗೆ ಇಳಿಸಿದ. ಕುರ್ಚಿಯ ಗಾಲಿಗಳು ಒಮ್ಮೆಯೂ ತಡವರಿಸದೆ ಒಳಗೆ ಉರುಳಿದವು, ಅವಳ ತಲೆ ನೆಟ್ಟಗೇ ಇತ್ತು.

"ಎಲ್ಲಿಗೆ ಮೊದಲು?" ಎಂದಳು ಗುನ್‌ವೊರ್.

"ಎಲ್ಲಿಗೂ ಇಲ್ಲ" ಎಂದಳು ವೆಂಡೆಲಾ. "ಸುಮ್ನೆ. ಯಾರಿಗೂ ಮುಂಚೆ ಹೇಳ್ದೇನೇ."

ಸಿಸೆಲಾ ಕೀಲಿಯನ್ನು ಆಲ್ಗೋತ್‌ನ ಅಂಗೈಗೆ ಹಾಕಿದಳು. ಕನ್ನಡಿ, ಸೀಟು, ಕುರ್ಚಿಯ ಪಟ್ಟಿ, ಎಲ್ಲವನ್ನೂ ತೋರಿಸಿಯಾಗಿತ್ತು. ಆದರೂ ಮನಸ್ಸು ತಡೆಯಲಿಲ್ಲ. ಅವನು ಆಗಲೇ ಬಾಗಿಲು ಹಾಕಿಕೊಂಡು, ಬೆನ್ನು ಅವಳ ಕಡೆ ಮಾಡಿ, ಹೆಂಡತಿಯತ್ತ ತಿರುಗಿದ್ದ. ಇಳಿಸಿದ ಕಿಟಕಿಯಿಂದ ಕೇಳಿದಳು:

"ಆಲ್ಗೋತ್, ಎಲ್ಲ ಸರಿ ಇದೆಯಾ?"

ಹುಬ್ಬು ಕಾಣಲಿಲ್ಲ. ಗ್ಯಾರೇಜಿನ ಯಂತ್ರ ಗರಗುಟ್ಟುತ್ತಿತ್ತು. ಅವಳು ತನ್ನ ಉಸಿರನ್ನು ಹಿಡಿದು ಅವನ ಉಸಿರಿಗೆ ಕಿವಿಗೊಟ್ಟಳು. ಆಮೇಲೆ ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳದೆ, ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತಳು.