ತಪ್ಪು ಕಾಣಿಕೆ

ಸೂತಕದಲ್ಲಿ ಅಡುಗೆಮನೆಗೆ ಕಾಲಿಡಬಾರದಿತ್ತೇ? ಇಟ್ಟದ್ದಕ್ಕೇ ಹೀಗಾಯಿತೇ? ಹಾಗಾದರೆ ಬೆರಳು ಕಿತ್ತುಕೊಂಡದ್ದು ಗ್ರೈಂಡರೋ, ದೇವರೋ? ದೇವರೇ ಆದರೆ ಯಾರ ಮೇಲೆ ದೂರು ಕೊಡುವುದು?

ಬಸ್ಸು ಚೆನ್ನೈಯ ಕೋಡಂಬಾಕ್ಕಂ ಸೇತುವೆ ಹತ್ತುವವರೆಗೂ ರಘುರಾಮನ ತಲೆಯಲ್ಲಿ ಇದೇ ಸುತ್ತುತ್ತಿತ್ತು. ಬಲಗೈಯನ್ನು ತೊಡೆಯ ಮೇಲಿನ ಬಟ್ಟೆಚೀಲದ ಅಡಿಯಲ್ಲಿ ಇಟ್ಟುಕೊಂಡಿದ್ದ. ಆಚೆ ಹೆಂಗಸರ ಸಾಲಿನಲ್ಲಿ ಹೆಂಡತಿ ಸುಮತಿ ಮತ್ತು ತಂಗಿ ವೃಂದಾ ಒಂದೇ ಸೀಟಿನಲ್ಲಿ ಕೂತು ಬೇರೆ ಬೇರೆ ಕಡೆ ನೋಡುತ್ತಿದ್ದರು. ಮನೆಯಿಂದ ಹೊರಡುವಾಗಲೇ ಅವರಿಬ್ಬರಿಗೆ ಜಗಳವಾಗಿತ್ತು.

"ನಿನ್ನ ಅಣ್ಣ ತಪ್ಪಾಯ್ತು ಅಂದ್ರೆ ನಾಲಗೆ ಸವೀತದಾ?" ಎಂದಿದ್ದಳು ಸುಮತಿ. "ಸಂಬಳ ನಿಂತು ಎಷ್ಟು ಸಮಯ ಆಯ್ತು! ಮನೆಯವಳು ಬಾಡಿಗೆಗೆ ದಿನಾ ಬಾಗಿಲಿಗೆ ಬರ್ತಾಳೆ. ಕ್ಯಾಶಿನಲ್ಲಿ ಕೂರಿಸ್ತೇನೆ ಅಂತ ಹೋಟೆಲಿನ ಮಾವನೇ ಹೇಳಿದ್ದಾರಲ್ಲ."

"ದೇವರಿಗೆ ತಪ್ಪಾಯ್ತು ಅನ್ಲಿ ಅತ್ತಿಗೆ, ನಾನು ಬೇಡ ಅನ್ನುದಿಲ್ಲ. ಆದ್ರೆ ಮಾವನಿಗೆ ಅಷ್ಟು ಸಾಲುದಿಲ್ಲ. ಮುಚ್ಚಳ ನಾನೇ ತೆಗ್ದದ್ದು ಅಂತಲೂ ಅಣ್ಣ ಹೇಳ್ಬೇಕಂತೆ. ಆ ಮಾತು ಯಾವ ದೇವರಿಗೆ ಬೇಕು?"

ಮುಚ್ಚಳದ ಸಂಗತಿ ಹೀಗಿದೆ. ತ್ರಿಪ್ಲಿಕೇನಿನ ಹೋಟೆಲಿನ ಯಜಮಾನ ಜಯಪ್ರಕಾಶರು ರಘುರಾಮನಿಗೆ ತಾಯಿಯ ಕಡೆಯಿಂದ ದೂರದ ಮಾವ, ಉಡುಪಿಯ ಕಡೆಯಿಂದ ಅವನನ್ನು ಅಡುಗೆ ಕೆಲಸಕ್ಕೆ ಕರೆತಂದವರು. ಕೆಲಸಕ್ಕೆ ಸೇರಿದ್ದಕ್ಕೆ ಒಂದು ಚೀಟಿಯೂ ಇರಲಿಲ್ಲ. "ನಮ್ಮವರ ಒಳಗೆ ಎಂತ ಕಾಗದ ಮಾರಾಯ?" ಎನ್ನುತ್ತಿದ್ದರು. ಇಡ್ಲಿ ಹಿಟ್ಟಿನ ದೊಡ್ಡ ಗ್ರೈಂಡರಿಗೆ ಒಂದು ಜಾಲರಿಯ ಮುಚ್ಚಳವಿತ್ತು. ಅದನ್ನು ಎತ್ತಿದರೆ ಯಂತ್ರ ತಾನಾಗಿ ನಿಲ್ಲುತ್ತಿತ್ತು. ನಿಂತು ನಿಂತು ಕೆಲಸಕ್ಕೆ ತಡವಾಗುತ್ತದೆಂದು ಅವರೇ ಮೆಕ್ಯಾನಿಕನನ್ನು ಕರೆಸಿ ಅದನ್ನು ಕಳಚಿಸಿದರು. ಊರಿನಲ್ಲಿ ದೊಡ್ಡಪ್ಪ ತೀರಿಕೊಂಡಾಗ ರಘುರಾಮನಿಗೆ ರಜೆ ಸಿಗಲಿಲ್ಲ. ಸೂತಕವಿದೆ, ಒಳಗೆ ಹೋಗುವುದಿಲ್ಲ ಎಂದ. "ಯಾರಿಗೂ ಹೇಳ್ಬೇಡ, ಹೋಗಿ ರುಬ್ಬು" ಎಂದರು. ಆ ಸೂತಕದ ದಿನಗಳಲ್ಲೇ, ಹಿಟ್ಟು ಒಳಕ್ಕೆ ತಳ್ಳುವಾಗ ಕಲ್ಲು ಅವನ ಮೂರು ಬೆರಳನ್ನು ಎಳೆದುಕೊಂಡಿತು.

ಆಸ್ಪತ್ರೆಯ ಮೊದಲ ಬಿಲ್ಲನ್ನು ಜಯಪ್ರಕಾಶರು ಕಟ್ಟಿದರು. ಅಂದೇ ಸಂಬಳ ನಿಲ್ಲಿಸಿದರು. ವೃಂದಾ ಅಂಬತ್ತೂರಿನ ಒಂದು ಕಾರ್ಖಾನೆಯ ಕಚೇರಿಯಲ್ಲಿದ್ದಳು. ಅಲ್ಲಿ ಪ್ರೆಸ್ಸಿಗೆ ಕೈ ಸಿಕ್ಕವನಿಗೆ ಪರಿಹಾರ ಸಿಕ್ಕಿದ್ದನ್ನು ಕಣ್ಣಾರೆ ಕಂಡವಳು. ಕಾರ್ಮಿಕ ಇಲಾಖೆಗೆ ಅಣ್ಣನ ಅರ್ಜಿಯನ್ನು ಅವಳೇ ಸಿದ್ಧಮಾಡಿದಳು. ರಕ್ಷಣೆಯ ಮುಚ್ಚಳವನ್ನು ಕೆಲಸಗಾರನೇ ಬೇಕೆಂದು ತೆಗೆದನೆಂದು ಆದರೆ ಪರಿಹಾರ ಕೈತಪ್ಪಬಹುದು ಎಂಬುದೂ ಅವಳಿಗೆ ಗೊತ್ತಿತ್ತು. ಅರ್ಜಿಯ ಸುದ್ದಿ ಹೋಟೆಲಿಗೆ ತಲುಪಿದ ಮರುದಿನವೇ ಜಯಪ್ರಕಾಶರ ಮನೆಯಿಂದ ತಪ್ಪು ಕಾಣಿಕೆಗೆ ಕರೆ ಬಂತು.

ಓದುಗರಲ್ಲಿ ಹಲವರು ಈ ಪದ್ಧತಿಯನ್ನು ಬಲ್ಲರು. ಮನೆಗೆ ಕೇಡು ಬಂದರೆ, ತಿಳಿದೋ ತಿಳಿಯದೆಯೋ ಆದ ಅಪರಾಧಕ್ಕೆ ಹಳದಿ ಬಟ್ಟೆಯಲ್ಲಿ ನಾಣ್ಯ ಕಟ್ಟಿ ದೇವರ ಮುಂದಿಟ್ಟು 'ತಪ್ಪಾಯ್ತು' ಎನ್ನುತ್ತೇವೆ. ಅದರಿಂದ ಮನಸ್ಸು ಹಗುರವಾಗುವುದೂ ಸುಳ್ಳಲ್ಲ. ಆದರೆ ಕೇಡು ಯಾರಿಗೆ ಬಂತೋ ತಪ್ಪೂ ಅವನದೇ ಎಂಬ ನಂಬಿಕೆ ಅದರ ಬೆನ್ನಿಗೇ ಬರುತ್ತದೆ. ಗಾಯವಾದವನು ಕಾಣಿಕೆ ಕಟ್ಟುತ್ತಾನೆ, ಗಾಯ ಮಾಡಿದವನು ಸಾಕ್ಷಿಯಾಗಿ ನಿಲ್ಲುತ್ತಾನೆ. ಇದನ್ನು ನಾವು ಎಷ್ಟು ಮನೆಗಳಲ್ಲಿ ನೋಡಿ ಸುಮ್ಮನಿದ್ದೇವೆ!

ಜಯಪ್ರಕಾಶರ ಫ್ಲಾಟಿನಲ್ಲಿ ದೇವರ ಗೂಡಿನ ಮುಂದೆ ದೀಪ ಹಚ್ಚಿತ್ತು. ಅವರ ತಾಯಿ ಅಮ್ಮಣ್ಣಿ ಕುರ್ಚಿಯಲ್ಲಿ ಕೂತಿದ್ದರು. ಜಯಪ್ರಕಾಶರ ಮಗಳು ಪ್ರಣಮ್ಯಾ ಮೊಬೈಲು ಹಿಡಿದು ಗೋಡೆಗೆ ಒರಗಿದ್ದಳು.

"ಊರಿನವರಿಗೆ ತೋರಿಸ್ಲಿಕ್ಕೆ ಒಂದು ವೀಡಿಯೋ, ಅಷ್ಟೆ" ಎಂದರು ಜಯಪ್ರಕಾಶರು.

"ದೇವರಿಗೆ ಕಣ್ಣು ಕಾಣುದಿಲ್ವಾ, ಮೊಬೈಲು ಬೇಕಾ?" ವೃಂದಾ ಕೇಳಿದಳು.

"ನಿನ್ನನ್ನು ಯಾರು ಕರ್ದದ್ದು? ನಾಲ್ಕಕ್ಷರ ಕಲ್ತದ್ದು ಅನ್ನ ಹಾಕಿದವರ ಮೇಲೆ ಕೇಸು ಹಾಕ್ಲಿಕ್ಕಾ?"

"ಅನ್ನ ಇವನು ಬೇಯಿಸಿದ್ದು ಮಾವ. ನೀವು ಬಡಿಸಿದ್ದು, ಅದೂ ಬಿಲ್ಲು ಕೊಟ್ಟು."

ಸುಮತಿ ನಾದಿನಿಯ ಸೆರಗು ಜಗ್ಗಿದಳು. ಅಮ್ಮಣ್ಣಿ ಕೋಲಿನಿಂದ ನೆಲ ಕುಟ್ಟಿದರು. "ಸಾಕು. ರಘು, ಸೂತಕದಲ್ಲಿ ಒಲೆ ಹತ್ರ ಹೋದದ್ದು ಹೌದಾ ಅಲ್ವಾ?"

ಇಷ್ಟು ದಿನ ತಲೆಯೊಳಗೆ ಸುತ್ತುತ್ತಿದ್ದದ್ದು ರಘುರಾಮನ ಬಾಯಿಗೆ ಬಂತು. "ಹೌದು ಅಜ್ಜಿ. ನಾನು ಹೋಗುದಿಲ್ಲ ಅಂದೆ. ಮಾವನೇ ಕಳಿಸಿದ್ದು."

ಅಮ್ಮಣ್ಣಿ ಮಗನ ಮುಖ ನೋಡಿದರು. ಜಯಪ್ರಕಾಶರು ಕಿಟಕಿಯ ಕಡೆ ತಿರುಗಿದರು. ಕೆಳಗೆ ಬೀದಿಯಲ್ಲಿ ಹೂವಿನವಳು ಕೂಗುವುದು ಕೇಳಿಸಿತು. ಮುದುಕಿ ಈಗ ನ್ಯಾಯ ಹೇಳುತ್ತಾರೆಂದು ರಘುರಾಮ ನಿಜವಾಗಿಯೂ ನಂಬಿ ಕಾದ. ಮಡಿ ಮೈಲಿಗೆಯಲ್ಲಿ ಒಂದು ಕೂದಲೆಳೆಯಷ್ಟೂ ಬಿಡದ ಹೆಂಗಸು ಅವರು.

"ಹೇಳಿದವನಿಗೆ ದೋಷ ಇಲ್ಲ," ಎಂದರು ಅಮ್ಮಣ್ಣಿ. "ಮಾಡಿದವನಿಗೆ. ಯಜಮಾನ ನೂರು ಹೇಳ್ತಾನೆ. ನಿನ್ನ ಸೂತಕ ನೀನು ನೋಡ್ಕೊಳ್ಬೇಕಿತ್ತು."

"ಹೋಗುದೇ ಇಲ್ಲ ಅಂದಿದ್ರೆ ಇವನನ್ನು ಕೆಲಸದಲ್ಲಿ ಇಟ್ಕೊಳ್ತಿದ್ರಾ ಅಜ್ಜಿ?" ಎಂದಳು ವೃಂದಾ.

ರಘುರಾಮನ ತಲೆಯಲ್ಲಿ ಸುತ್ತುತ್ತಿದ್ದದ್ದು ನಿಂತುಹೋಯಿತು. ಯಜಮಾನರ ದೋಷಕ್ಕೆ ಕಣ್ಣುಮುಚ್ಚಿ ಕೂಲಿಯವನ ಬೆರಳು ಮುರಿಯುವವನು ತಾನು ಹುಟ್ಟಿದಂದಿನಿಂದ ಕೈಮುಗಿದ ದೇವರಲ್ಲ. ಅಮ್ಮಣ್ಣಿ ಹೇಳಿದ್ದು ಆ ದೇವರ ಮಾತಲ್ಲ.

"ತಕೋ, ಹಿಡಿ" ಎಂದು ಜಯಪ್ರಕಾಶರು ಹಳದಿ ಗಂಟನ್ನು ಚಾಚಿದರು. ಅವನು ಎಡಗೈ ನೀಡಿದ.

"ಅಯ್ಯೋ! ಕಾಣಿಕೆ ಎಡಗೈಯಲ್ಲಿ ಹಿಡಿಯುದಾ?" ಎಂದರು ಅಮ್ಮಣ್ಣಿ.

ರಘುರಾಮ ಚೀಲವನ್ನು ಕೆಳಗಿಟ್ಟ. ಬಲಗೈಯನ್ನು ದೀಪದ ಬೆಳಕಿಗೆ ಎತ್ತಿ ಹಿಡಿದ. ಹೆಬ್ಬೆರಳು, ಕಿರುಬೆರಳು; ನಡುವೆ ಇನ್ನೂ ಕೆಂಪಾಗಿದ್ದ ಹೊಲಿಗೆ. ಗಂಟು ಹಿಡಿಯಲು ನಿಜಕ್ಕೂ ನೋಡಿದ. ಅದು ಜಾರಿ ನೆಲಕ್ಕೆ ಬಿತ್ತು. ಕಟ್ಟು ಬಿಚ್ಚಿ ನಾಣ್ಯ ಉರುಳಿ ಅಮ್ಮಣ್ಣಿಯ ಕುರ್ಚಿಯ ಕೆಳಗೆ ಹೋಯಿತು.

"ಸುಮತಿ, ನೀನು ಹಿಡಿ. ಅವನು ಬಾಯಲ್ಲಿ ಹೇಳಿದ್ರೆ ಸಾಕು," ಎಂದರು ಜಯಪ್ರಕಾಶರು ಅವಸರದಲ್ಲಿ. "ಹೇಳು ಮಾರಾಯ. ಮುಚ್ಚಳ ನಾನೇ ತೆಗ್ದದ್ದು, ತಪ್ಪಾಯ್ತು. ಎರಡು ಮಾತು. ನಾಳೆಯಿಂದ ಕ್ಯಾಶಿನಲ್ಲಿ ಕೂತ್ಕೋ."

ಸುಮತಿ ಬಗ್ಗಿ ಹಳದಿ ಬಟ್ಟೆಯನ್ನು ಎತ್ತಿಕೊಂಡಳು. ಗಂಡನ ಕೈಯನ್ನು ನೋಡಿದಳು. ಮನೆಯಲ್ಲಿ ದಿನವೂ ಗಾಯಕ್ಕೆ ಮುಲಾಮು ಹಚ್ಚುವಾಗ ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು. ಬಟ್ಟೆಯನ್ನು ಮಡಚಿ ಗೂಡಿನ ಅಂಚಿನಲ್ಲಿಟ್ಟು ಹಿಂದೆ ಸರಿದು ನಿಂತಳು.

ರಘುರಾಮ ಎಡಗೈಯಿಂದ ಚೀಲವನ್ನು ಎತ್ತಿ ಹೆಗಲಿಗೆ ಹಾಕಿಕೊಂಡ.

"ಅಪ್ಪಾ, ಇನ್ನುಂ ವೀಡಿಯೋ ಎಡುಕ್ಕಣುಮಾ?" ಇನ್ನೂ ತೆಗೆಯಬೇಕಾ ಎಂದು ಪ್ರಣಮ್ಯಾ ತಮಿಳಿನಲ್ಲಿ ಕೇಳಿದಳು.

"ಬಂದ್ ಮಾಡು!" ಜಯಪ್ರಕಾಶರು ಅರಚಿದರು. "ಹೊರಗೆ ಹೋಗು ರಘು. ಚೆನ್ನೈಯಲ್ಲಿ ನಮ್ಮವರ ಒಂದು ಹೋಟೆಲಿನ ಬಾಗಿಲೂ ನಿನಗೆ ತೆರೆಯುದಿಲ್ಲ, ನೋಡ್ತಾ ಇರು."

ಅವರು ಹೇಳಿದಂತೆಯೇ ಆಯಿತು. ಯಾವ ಬಾಗಿಲೂ ತೆರೆಯಲಿಲ್ಲ. ಸುಮತಿ ಮನೆಮನೆಗೆ ಚಪಾತಿ ಮಾಡಿಕೊಡಲು ಹೋಗತೊಡಗಿದಳು. ಅರ್ಜಿ ವಿಚಾರಣೆಗೆ ಬಂತು, ಮುಂದಕ್ಕೆ ಹೋಯಿತು, ಮತ್ತೆ ಬಂತು. ಈ ಬರಹದ ಹೊತ್ತಿಗೂ ಮುಗಿದಿಲ್ಲ. ಮಾವನ ವಕೀಲರು ಅವನನ್ನು ನಿಲ್ಲಿಸಿ ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳಿದರು. ಮುಚ್ಚಳ ಕಳಚಿಸಿದವರು ಯಾರೆಂದು ಅವನು ಪ್ರತಿ ಸಲವೂ ಹೇಳಿದ.

ದೀಪದ ಮುಂದಾಗಲಿ, ವಕೀಲರ ಮುಂದಾಗಲಿ, ಊರಿನವರ ಮುಂದಾಗಲಿ ರಘುರಾಮ 'ತಪ್ಪಾಯ್ತು' ಎಂದು ಹೇಳಲಿಲ್ಲ.